ಬಾತುಕೋಳಿಗೆ ರೇಷ್ಮೆಗೂಡಿನ ಊಟ

ಅಜೋಲಾ ಎಂಬ ನೀರುಸೊಪ್ಪಿನಲ್ಲಿ ಶೇಕಡ 25ರವರೆಗೂ ಪ್ರೋಟೀನ್ ಇದೆ ಎಂಬ ಮಾತನ್ನು ಕೃಷಿಮೇಳದ ಮಳಿಗೆಗಳಲ್ಲಿ ಕೇಳದವರಿಲ್ಲ. ಸುಳ್ಳೇನಲ್ಲ. ಆದರೆ ಅದು ಒಣಗಿಸಿದ ಅಜೋಲಾದ ಲೆಕ್ಕ. ತೊಟ್ಟಿಯಿಂದ ಆಗಷ್ಟೇ ಬಾಚಿದ ನೂರು ಗ್ರಾಂನಲ್ಲಿ ತೊಂಬತ್ತಕ್ಕೂ ಹೆಚ್ಚು ಗ್ರಾಂ ಬರೀ ನೀರು. ಪ್ರೋಟೀನ್ ಸಿಕ್ಕರೆ ಒಂದೂವರೆ ಗ್ರಾಂ. ಮೊಟ್ಟೆ ಇಡುವ ಖಾಕಿ ಕ್ಯಾಂಪ್‌ಬೆಲ್ ಬಾತಿಗೆ ದಿನಕ್ಕೆ ಸುಮಾರು 25 ಗ್ರಾಂ ಬೇಕು. ಅಷ್ಟನ್ನೂ ಅಜೋಲಾದಿಂದಲೇ ಪಡೆಯಬೇಕೆಂದರೆ ಅದು ಹೆಚ್ಚೂಕಡಿಮೆ ತನ್ನದೇ ತೂಕದಷ್ಟು ಹಸಿ ಸೊಪ್ಪು ತಿನ್ನಬೇಕು! ಅಜೋಲಾ ಪಲ್ಯವಾದೀತೇ ಹೊರತು ಊಟವಾಗದು.

ನಮ್ಮಲ್ಲಿ ಇನ್ನೂ ಗಟ್ಟಿಯಾದ ಸರಕಿದೆ. ರಾಮನಗರ, ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ಬೇಯಿಸಿದ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಬೇಸಿನ್‌ನಲ್ಲಿ ಉಳಿಯುವ ಕಂದು ಪ್ಯೂಪಾ, ಅಂದರೆ ರೇಷ್ಮೆಹುಳುವಿನ ಕೋಶ. ಒಣಗಿಸಿದರೆ ತೂಕದ ಅರ್ಧದಷ್ಟು ಪ್ರೋಟೀನ್. ಸೋಯಾ ಹಿಂಡಿಯಲ್ಲಿ ಸಾಲದೆ ಹೋಗುವ ಮೆಥಿಯೊನಿನ್ ಎಂಬ ಅಮೈನೊ ಆಮ್ಲವೂ ಧಾರಾಳ. ತೊಡಕಿರುವುದು ಎಣ್ಣೆಯಲ್ಲಿ. ಕಾಲು ಭಾಗದಷ್ಟಿರುವ ಈ ಎಣ್ಣೆಯ ಬಹುಪಾಲು ಅಪರ್ಯಾಪ್ತ ಕೊಬ್ಬು. ಗಾಳಿ ತಗುಲಿದರೆ ಬೇಗ ಕಮಟುತ್ತದೆ. ರೀಲಿಂಗ್ ಘಟಕದ ಹಿಂದಿನ ಓಣಿಯಲ್ಲಿ ನಡೆದವರಿಗೆ ಆ ನಾತವನ್ನು ವಿವರಿಸಬೇಕಿಲ್ಲ. ಹೆಚ್ಚಾಗಿ ತಿನ್ನಿಸಿದರೆ ಮೊಟ್ಟೆಗೂ ವಾಸನೆ ಹತ್ತಬಹುದು. ಎಣ್ಣೆ ತೆಗೆದ ಪ್ಯೂಪಾ ನಿಧಾನವಾಗಿ ಕೆಡುತ್ತದೆ, ಅದರಲ್ಲಿ ಪ್ರೋಟೀನ್ ಪಾಲೂ ಏರುತ್ತದೆ.

ಗೂಡಿನ ಸೀಮೆಯಿಂದ ದೂರವಿರುವವರಿಗೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಹುಳು ಉಂಟು. ಅಡುಗೆಮನೆ ಕಸ ತಿಂದು ಬಲಿತ ಹುಳು ಒಣ ಜಾಗ ಹುಡುಕಿಕೊಂಡು ತಾನೇ ಹೊರಡುತ್ತದೆ. ಡ್ರಮ್ಮಿಗೆ ಇಳಿಜಾರು ಹಲಗೆ ಕೊಟ್ಟರೆ ಹತ್ತಿ ಬಂದು ಬಕೆಟ್ಟಿಗೆ ಬೀಳುತ್ತದೆ. ಆರಿಸುವ ಕೂಲಿ ಉಳಿಯಿತು. ಆದರೆ ಸತ್ತ ಪ್ರಾಣಿಯಲ್ಲಿ ಬೆಳೆದ ಯಾವ ಹುಳುವೂ ಬೇಡ. ಅಲ್ಲಿನ ಬಾಟುಲಿನಮ್ ವಿಷ ಹುಳುವಿಗೆ ಏನೂ ಮಾಡದು, ಅದನ್ನು ತಿಂದ ಬಾತಿನ ಕತ್ತು ಮಾತ್ರ ಜೋತುಬೀಳುತ್ತದೆ.

ಎಲ್ಲಕ್ಕಿಂತ ಹೆದರಬೇಕಾದ್ದು ಮೇವಿಗೆ ಹಿಡಿಯುವ ಬೂಷ್ಟಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಕಾರಣ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟಿನಲ್ಲಿದ್ದ ಅಫ್ಲಾಟಾಕ್ಸಿನ್. ಬಾತುಮರಿ ಈ ವಿಷಕ್ಕೆ ಎಷ್ಟು ಬೇಗ ಸೋಲುತ್ತದೆಂದರೆ, ಆ ಕಾಲದ ವಿಜ್ಞಾನಿಗಳು ವಿಷದ ಪ್ರಮಾಣ ಅಳೆಯಲು ಒಂದು ದಿನದ ಬಾತುಮರಿಗಳನ್ನೇ ಬಳಸಿದರು. ಕೋಳಿ ತಿಂದು ದಕ್ಕಿಸಿಕೊಂಡ ಹಿಂಡಿಯೇ ಬಾತುಮರಿಯ ಯಕೃತ್ತನ್ನು ಹಾಳುಮಾಡಬಲ್ಲದು.