ಕಾಯಿಲೆ ಕಲಿಸಿದ ಕಸುಬು

ಕೊಯ್ಲಿನ ಕಾಲದಲ್ಲಿ ಧಾರಣೆಯ ಮಾತು ಬಿಟ್ಟು ಬೇರೇನನ್ನಾದರೂ ಬರೆದರೆ ಸದಸ್ಯ ಬಾಂಧವರು ಮುನಿಸಿಕೊಳ್ಳುವರೆಂದು ನಾವು ಬಲ್ಲೆವು. ಆದರೂ ಈ ಸಲ ಬರೆಯಬೇಕಾಗಿದೆ. ಶಿವನಿ ನಿಲ್ದಾಣದಲ್ಲಿ ಬೆಂಗಳೂರಿನ ರೈಲು ಹತ್ತುವ ನಮ್ಮವರಲ್ಲಿ ಕೆಲವರು ಹೋಗುವುದು ಮದುವೆಯ ಜವಳಿಗಲ್ಲ, ಕ್ಯಾನ್ಸರ್ ಆಸ್ಪತ್ರೆಗೆ. ಎಲ್ಲಿಗೆಂದು ಕೇಳಿದರೆ ‘ಹಲ್ಲು ತೋರಿಸಲು’ ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಹಾಗೆ ಹೊರಟ ಸದಸ್ಯರೊಬ್ಬರ ಜೊತೆ ನಾವೂ ಹೋಗಿದ್ದೆವು. ಹೆಸರು ಬೇಡವೆಂದಿದ್ದಾರೆ. ಎರಡೆಕರೆ ತೋಟ, ಜೊತೆಗೆ ಚೇಣಿ ವ್ಯಾಪಾರ. ಕೆನ್ನೆಯ ಒಳಗಿನ ಹುಣ್ಣನ್ನು ಆರು ತಿಂಗಳು ಮನೆಯವರಿಗೂ ಹೇಳದೆ ಬಚ್ಚಿಟ್ಟಿದ್ದರು. ವೈದ್ಯರು ಸಾವಧಾನವಾಗಿಯೇ ಎಲ್ಲವನ್ನೂ ವಿವರಿಸಿದರು. ಇವರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಏನು ಹೇಳಿದರೆಂದು ಕೇಳಿದರೆ ಒಂದೂ ನೆನಪಿಲ್ಲ!

ಬೆಂಚಿನ ಮೇಲೆ ಪಕ್ಕದಲ್ಲಿ ಅರ್ಧ ದವಡೆ ತೆಗೆಸಿಕೊಂಡ ಹಿರಿಯರೊಬ್ಬರು ಕುಳಿತಿದ್ದರು. ತಾವಾಗಿಯೇ ಮಾತಿಗೆ ಬಂದರು. “ಕರೆಂಟ್ ಕೊಡೋಕೆ ಮುಂಚೆ ಹಲ್ಲು ತೋರಿಸ್ಕೊಳ್ಳಿ ಯಜಮಾನ್ರೇ. ಆಮೇಲೆ ಕೀಳಿಸಿದ್ರೆ ಗಾಯ ಮಾಯೋದು ಕಷ್ಟ.” ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ಸೋಸಿಯೇ ಹಾಕಬೇಕು ಎಂದರು. ಬಾಯಿ ಬಿಗಿಯದಂತೆ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹಲ್ಲಿನ ನಡುವೆ ಇಟ್ಟು ಅಭ್ಯಾಸ ಮಾಡುವುದನ್ನು ಜೇಬಿನಿಂದ ಕಡ್ಡಿ ತೆಗೆದು ತೋರಿಸಿದರು. ನಮ್ಮವರು ಅಂದು ಕೇಳಿದ್ದು ಒಂದೇ ಪ್ರಶ್ನೆ: “ಮುದ್ದೆ ಯಾವಾಗ ನುಂಗ್ತೀನಿ?” ಹಿರಿಯರು ನಕ್ಕು, “ನನಗೆ ಏಳು ತಿಂಗಳು ಹಿಡೀತು. ನಿಮ್ಮದು ಡಾಕ್ಟ್ರು ಹೇಳ್ಬೇಕು” ಎಂದರು. ವೈದ್ಯರ ಮಾತು ಇವರ ಕಿವಿಗೆ ಬಿದ್ದದ್ದು ಆಮೇಲೆಯೇ.

ಹೀಗೆ ತಾವು ಪಟ್ಟ ಪಾಡನ್ನೇ ಬಂಡವಾಳ ಮಾಡಿಕೊಂಡು, ಹಿಡಿದಿದ್ದ ದಾರಿ ಬಿಟ್ಟು, ರೋಗಿಗಳ ಸೇವೆಗೆ ನಿಂತವರಿದ್ದಾರೆ. ನಮ್ಮ ದೇಶದಲ್ಲಿ ಮೊದಲು ಹೇಳಬೇಕಾದ ಹೆಸರು ದೆಹಲಿಯ ಹರ್ಮಾಲಾ ಗುಪ್ತಾ ಅವರದು. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಓದಿನಲ್ಲಿದ್ದಾಗ, 1986ರಲ್ಲಿ, ಅವರಿಗೆ ಹಾಡ್ಜ್‌ಕಿನ್ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ವಾಸಿಯಾಗಿ ದೇಶಕ್ಕೆ ಮರಳಿದರೆ ಇಲ್ಲಿ ಆ ಕಾಯಿಲೆಯ ಹೆಸರೆತ್ತುವವರೇ ಇಲ್ಲ. 1991ರಲ್ಲಿ ಕ್ಯಾನ್ಸರ್ ಸಹಯೋಗ್ ಎಂಬ ಬಳಗ ಕಟ್ಟಿದರು. ಗುಣವಾದವರು ಆಸ್ಪತ್ರೆಗೆ ಹೋಗಿ ಹೊಸ ರೋಗಿಗಳ ಪಕ್ಕ ಕುಳಿತುಕೊಳ್ಳುವುದೇ ಅದರ ಕೆಲಸ. 1996ರಲ್ಲಿ ಕ್ಯಾನ್‌ಸಪೋರ್ಟ್ ಸಂಸ್ಥೆ ಹುಟ್ಟಿತು. ಅದರ ವೈದ್ಯರು, ದಾದಿಯರು, ಆಪ್ತಸಲಹೆಗಾರರು ರೋಗಿಯ ಮನೆಗೇ ಹೋಗಿ ನೋವು ಶಮನ ಮಾಡುತ್ತಾರೆ, ಶುಲ್ಕವಿಲ್ಲದೆ. ಅದಕ್ಕೂ ಮುಂಚೆ ನ್ಯೂಯಾರ್ಕಿನಲ್ಲಿ ಟೆರೀಸ್ ಲಾಸರ್ ಎಂಬಾಕೆ 1952ರಲ್ಲಿ ಸ್ತನ ತೆಗೆಸಿಕೊಂಡು, ತನ್ನಂಥ ಹೆಂಗಸರ ಹಾಸಿಗೆಯ ಬಳಿಗೆ ತಾನೇ ನಡೆದು ಹೋಗಲಾರಂಭಿಸಿದರು.

ನಮ್ಮ ರಾಜ್ಯದಲ್ಲಿ ಕಿದ್ವಾಯಿ ಸಂಸ್ಥೆ 1973ರಿಂದ ಚಿಕಿತ್ಸೆ ನೀಡುತ್ತಿದೆ. ವಾಸಿಯಾಗದ ಹಂತ ತಲುಪಿದವರ ಆರೈಕೆಗೆ, 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯವಿದೆ. ಅಲ್ಲಿಯೂ ಹಣ ಕೇಳುವುದಿಲ್ಲ. ಆದರೆ ಬೆಂಗಳೂರಿನಿಂದ ಊರಿಗೆ ಮರಳಿದ ಮೇಲೆ ಪಕ್ಕ ಕೂರುವವರು ಯಾರು?

ನಮ್ಮ ಸದಸ್ಯರು ಕಳೆದ ಸುಗ್ಗಿಯಿಂದ ಚೇಣಿ ಹಿಡಿಯುವುದನ್ನು ನಿಲ್ಲಿಸಿದ್ದಾರೆ. ಕಾಯಿಲೆ ಬಿದ್ದವರ ಮನೆಗೆ ಹೋಗುತ್ತಾರೆ, ರೈಲಿನಲ್ಲಿ ಜೊತೆ ಹೋಗುತ್ತಾರೆ, ಆಸ್ಪತ್ರೆಯಲ್ಲಿ ಯಾವ ಚೀಟಿ ಎಲ್ಲಿ ಮಾಡಿಸಬೇಕೆಂದು ತೋರಿಸುತ್ತಾರೆ. ಆದಾಯ ಇಳಿದಿದೆ, ಮನೆಯಲ್ಲಿ ಅದಕ್ಕೆ ಅಸಮಾಧಾನವೂ ಇದೆ. ಮೊದಮೊದಲು ತಪ್ಪನ್ನೂ ಮಾಡಿದರು. ಎಲ್ಲರಿಗೂ ತನ್ನ ಕಥೆಯನ್ನೇ ಹೇಳಿ, ‘ನನ್ನಂತೆ ನಿಮಗೂ ವಾಸಿಯಾಗುತ್ತದೆ’ ಎಂದುಬಿಡುತ್ತಿದ್ದರು. ಒಬ್ಬರಿಗೆ ವಾಸಿಯಾಗಲಿಲ್ಲ. ಆ ಮನೆಯ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯದೆ, ಹದಿನೈದು ದಿನ ಎಲ್ಲಿಗೂ ಹೋಗಲಿಲ್ಲ. ಈಗ ಹೆಚ್ಚು ಕೇಳುತ್ತಾರೆ, ಕಡಿಮೆ ಹೇಳುತ್ತಾರೆ. ಔಷಧಿಯ ಮಾತು ಬಂದರೆ ವೈದ್ಯರ ಕಡೆ ಬೆರಳು ತೋರಿಸುತ್ತಾರೆ.

ಸಂಘದ ಕಚೇರಿಯಲ್ಲಿ ಇವರಿಗೆ ವಾರಕ್ಕೊಂದು ದಿನ ಕುರ್ಚಿ ಹಾಕಿಕೊಡೋಣವೆಂದು ನಾವು ಸಮಿತಿಯ ಮುಂದಿಟ್ಟೆವು. ಒಬ್ಬ ನಿರ್ದೇಶಕರು, “ಕಾರ್ಯದರ್ಶಿಗಳೇ, ಅಡಿಕೆ ಮಾರುವ ಜಾಗದಲ್ಲಿ ಬಾಯಿಹುಣ್ಣಿನವರನ್ನು ಕೂರಿಸಿದರೆ ನಮ್ಮ ಮಾಲಿಗೆ ನಾವೇ ಮಸಿ ಬಳಿದಂತಾಗುವುದಿಲ್ಲವೆ?” ಎಂದರು. ಅವರ ಅಂಜಿಕೆ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಬೆರೆತ ಎಲೆಯಡಿಕೆಯನ್ನು, 2004ರಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೇಳಿತು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದಾಗ ನಾವೂ ಧಾರಣೆಯ ಚಿಂತೆಯಲ್ಲಿ ನಿದ್ದೆಗೆಟ್ಟವರೇ. ಆದರೆ ತೋಟದ ಉತ್ಪನ್ನದ ಬಗ್ಗೆ ವಾದ ಮಾಡಲು ಬೇರೆ ವೇದಿಕೆಗಳಿವೆ. ಬಾಯಲ್ಲಿ ಬಿಳಿ ಇಲ್ಲವೆ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ದಿನೇ ದಿನೇ ಬಾಯಿ ತೆರೆಯಲಾಗದ ಬಿಗಿತ ಇದ್ದವರು ಆ ವಾದ ಮುಗಿಯುವವರೆಗೆ ಕಾಯುವಂತಿಲ್ಲ. ಬೇಗ ತೋರಿಸಿದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು ಆರು ತಿಂಗಳು ಬಚ್ಚಿಟ್ಟರೆ ದವಡೆಯವರೆಗೆ ಹೋಗುತ್ತದೆ.

ಸಮಿತಿ ಕೊನೆಗೆ ಒಪ್ಪಿತು, ಒಂದು ಷರತ್ತಿನ ಮೇಲೆ: ಬೋರ್ಡು ಹಾಕಕೂಡದು. ಆಗಲಿ ಎಂದೆವು. ಗೋದಾಮಿನ ಪಕ್ಕದ ಸಣ್ಣ ಕೋಣೆಯಲ್ಲಿ ಎರಡು ಕುರ್ಚಿ ಹಾಕಿದ್ದೇವೆ. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ, ಗೊಬ್ಬರದ ಚೀಟಿ ಬರೆಸಲು ಬಂದ ಯುವಕನೊಬ್ಬ ಎಲ್ಲರೂ ಹೋಗುವವರೆಗೆ ಜಗಲಿಯಲ್ಲೇ ನಿಂತಿದ್ದ. ಆಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.