ಎಣ್ಣೆ ಸೋರದಂತೆ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯು ನೇಕಾರಿಕೆಗೆ ಹೆಸರಾದ ಊರು. ಇಲ್ಲಿಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕೇಳಿಬರುತ್ತದೆ. ಲೋಹಕ್ಕೆ ಲೋಹ ಉಜ್ಜುವೆಡೆಯಲ್ಲಿ ಎಣ್ಣೆ ಬೀಳದಿದ್ದರೆ ಮಗ್ಗವು ಸವೆಯುತ್ತದೆ. ಅದೇ ಎಣ್ಣೆಯ ಒಂದು ಹನಿ ಸೀರೆಯ ಮೇಲೆ ಬಿದ್ದರೆ ಸೀರೆಯ ಬೆಲೆಯೇ ಇಳಿದುಹೋಗುತ್ತದೆ. ಎಣ್ಣೆಯು ತನ್ನ ಸ್ಥಳದಲ್ಲಿ ಮಾತ್ರ ಇರಬೇಕೆಂಬುದು ನೇಕಾರರು ಅನುಭವದಿಂದ ಬಲ್ಲ ಪಾಠ. ತಮ್ಮ ಕಾರಿನ ಎಣ್ಣೆಯನ್ನು ತಾವೇ ಬದಲಿಸುವವರಿಗೂ ಈ ಪಾಠವು ಅವಶ್ಯಕ.

ಎಂಜಿನ್ನಿನ ಎಣ್ಣೆಯು ಭಾಗಗಳ ಘರ್ಷಣೆಯನ್ನು ತಗ್ಗಿಸುತ್ತದೆ, ಶಾಖವನ್ನು ಹೊತ್ತೊಯ್ಯುತ್ತದೆ, ಕೊಳೆಯನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಅದು ತನ್ನ ಗುಣವನ್ನು ಕಳೆದುಕೊಳ್ಳುವುದರಿಂದ ಬದಲಿಸಬೇಕಾಗುತ್ತದೆ. ಆಗ ಸಾಮಾನ್ಯವಾಗಿ ಎರಡು ಸ್ಥಳಗಳನ್ನು ಬಿಚ್ಚುತ್ತಾರೆ: ಒಂದು, ಎಣ್ಣೆಯ ಚೇಂಬರಿನ ತಳದ ಬೋಲ್ಟು, ಇನ್ನೊಂದು, ಎಣ್ಣೆ ಸೋಸುವ ಫಿಲ್ಟರು. ಬದಲಾವಣೆಯ ನಂತರ ಸೋರಿಕೆ ಕಂಡರೆ ಮೊದಲು ಇವೆರಡನ್ನೇ ನೋಡಬೇಕು.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಉಗುರುಬೆಚ್ಚಗಿರುವಾಗ ಕೆಲಸವನ್ನು ಆರಂಭಿಸಬೇಕು. ಕೇವಲ ಜಾಕಿನ ಆಧಾರವನ್ನು ನಂಬಿ ಕಾರಿನ ಕೆಳಗೆ ಹೋಗುವುದು ಪ್ರಾಣಾಪಾಯಕರ. ಭದ್ರವಾದ ಸ್ಟ್ಯಾಂಡುಗಳು ಇರಲೇಬೇಕು. ಹಳೆಯ ಎಣ್ಣೆ ಇಳಿದ ಮೇಲೆ ಬೋಲ್ಟನ್ನೂ ಅದು ಕೂಡುವ ಜಾಗವನ್ನೂ ಒರೆಸಬೇಕು. ಬೋಲ್ಟಿನ ವಾಷರು ಮೆದುಲೋಹದ್ದಾಗಿದ್ದರೆ, ಒಮ್ಮೆ ಬಿಗಿದಾಗ ಅಪ್ಪಚ್ಚಿಯಾಗಿ ಸಂದನ್ನು ಮುಚ್ಚುತ್ತದೆ. ಮರುಬಳಕೆಯಲ್ಲಿ ಅಷ್ಟು ಚೆನ್ನಾಗಿ ಕೂಡದು. ಆದುದರಿಂದ ಹೊಸ ವಾಷರನ್ನೇ ಹಾಕಬೇಕು. ಬೋಲ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಬಳಿಕ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಸೋರೀತೆಂಬ ಭಯದಿಂದ ಪಾನಾ ಹಿಡಿದು ಬಲವಾಗಿ ಬಿಗಿದರೆ ಚೇಂಬರಿನ ಮರೆಯು ಹಾಳಾಗಿ, ತಡೆಯಬೇಕೆಂದ ಸೋರಿಕೆಯನ್ನು ತಾನೇ ತಂದುಕೊಂಡಂತಾಗುತ್ತದೆ.

ಫಿಲ್ಟರಿನ ಸೋರಿಕೆಯು ಇನ್ನೂ ಅಪಾಯಕರ. ಬೋಲ್ಟಿನ ಮೇಲೆ ಮುಖ್ಯವಾಗಿ ಎಣ್ಣೆಯ ಭಾರವಷ್ಟೇ ಬಿದ್ದರೆ, ಫಿಲ್ಟರಿನೊಳಗೆ ಎಣ್ಣೆಯು ಪಂಪಿನ ಒತ್ತಡದಿಂದ ಹರಿಯುತ್ತದೆ. ತಿರುಗಿಸಿ ಕೂಡಿಸುವ ಫಿಲ್ಟರಿನ ಬಾಯಿಗೆ ರಬ್ಬರಿನ ಉಂಗುರವೊಂದು ಇರುತ್ತದೆ. ಹಳೆಯ ಉಂಗುರವು ಕೆಲವೊಮ್ಮೆ ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆಯೇ ಹೊಸದನ್ನು ಕೂಡಿಸಿದರೆ ಒತ್ತಡಕ್ಕೆ ಉಂಗುರ ಜಾರಿ, ಕೆಲವೇ ನಿಮಿಷಗಳಲ್ಲಿ ಎಣ್ಣೆಯೆಲ್ಲ ಹೊರಚೆಲ್ಲಬಹುದು. ಎಣ್ಣೆಯಿಲ್ಲದ ಎಂಜಿನ್ ಹಿಡಿದುಕೊಂಡು ನಿಂತುಹೋಗುತ್ತದೆ. ಆದುದರಿಂದ ಹಳೆಯ ಉಂಗುರವು ಹೊರಬಂದಿರುವುದನ್ನು ಕಣ್ಣಾರೆ ನೋಡಬೇಕು. ಹೊಸ ಉಂಗುರಕ್ಕೆ ತುಸು ಎಣ್ಣೆ ಸವರಿ, ಅದು ತಾಗಿದ ಮೇಲೆ ಫಿಲ್ಟರಿನ ಮೇಲೆ ಸೂಚಿಸಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಿಂದಲೇ ಬಿಗಿಯಬೇಕು.

ಅನಂತರ ನಿಗದಿಯಾದ ಎಣ್ಣೆಯನ್ನು ಅಳತೆಯಂತೆ ತುಂಬಬೇಕು. ಹೆಚ್ಚಾದರೆ ನೊರೆಯೇಳಬಹುದು, ಸೀಲುಗಳ ಮೂಲಕ ಹೊರಬರಲೂಬಹುದು. ಎಂಜಿನ್ನನ್ನು ಚಾಲೂ ಮಾಡಿದಾಗ ಎಣ್ಣೆಯ ದೀಪವು ಕೂಡಲೇ ಆರಬೇಕು. ಆರದಿದ್ದರೆ ಅಥವಾ ಎಣ್ಣೆ ಸೋರುವುದು ಕಂಡರೆ ತಕ್ಷಣ ನಿಲ್ಲಿಸಬೇಕು. ಎಲ್ಲವೂ ಸರಿಯಿದ್ದರೆ ಎಂಜಿನ್ ನಿಲ್ಲಿಸಿ, ಕೆಲವು ನಿಮಿಷ ತಾಳಿ, ಅಳತೆಗೋಲಿನ ಎರಡು ಗುರುತುಗಳ ನಡುವೆ ಎಣ್ಣೆ ಇದೆಯೇ ಎಂದು ನೋಡಬೇಕು. ರಾತ್ರಿ ಕಾರಿನಡಿ ಕಾಗದ ಹಾಸಿದರೆ ಬೆಳಿಗ್ಗೆ ಒಂದು ಹನಿಯೂ ಸಾಕ್ಷಿ ಹೇಳುತ್ತದೆ.

ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದು. ಅದು ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ. 2016ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಅಧಿಕೃತ ಸಂಸ್ಕರಣೆಗೆ ಕಳುಹಿಸುವವರಿಗೆ ಒಪ್ಪಿಸಬೇಕು. ಎಂಜಿನ್ನಿನಲ್ಲಿರುವಾಗ ಕಾಯುವ ಎಣ್ಣೆಯು ಬಾವಿಗಿಳಿದರೆ ಕೇಡು ಮಾಡುತ್ತದೆ. ಕೆಲಸವು ಮುಗಿಯುವುದು ಬೋಲ್ಟು ಬಿಗಿದಾಗಲ್ಲ, ಕೊನೆಯ ಹನಿಯೂ ತನ್ನ ಸ್ಥಳವನ್ನು ಸೇರಿದಾಗ.