ಹಲಗೆಬಾಗಿಲ ಹಿಂದೊಂದು ಬಂದರು

ಬಸ್ರೂರಿಗೆ ಬಂದವರು ಮಹಾಲಿಂಗೇಶ್ವರ ದೇವಸ್ಥಾನ ನೋಡುತ್ತಾರೆ, ಆಲದ ಬೇರು ತಬ್ಬಿ ನಿಂತ ತುಳುವೇಶ್ವರನ ಫೋಟೊ ತೆಗೆಯುತ್ತಾರೆ, ಹೊರಟುಹೋಗುತ್ತಾರೆ. ಕೇರಿಯ ಹಳೆಯ ಮನೆಗಳ ಮುಂದೆ ಯಾರೂ ನಿಲ್ಲುವುದಿಲ್ಲ. ನನ್ನ ಕಣ್ಣು ನೆಟ್ಟದ್ದು ಮಾತ್ರ ಅಲ್ಲಿಯೇ, ಹಲಗೆಬಾಗಿಲುಗಳ ಮೇಲೆ.

ಕರಾವಳಿಯ ಹಳೆಯ ಪೇಟೆಮನೆಗಳಲ್ಲಿ ವ್ಯಾಪಾರದ ಬದಿಗೆ ಗೋಡೆಯೇ ಇರುತ್ತಿರಲಿಲ್ಲ. ಮೇಲೊಂದು, ಕೆಳಗೊಂದು ಮರದ ಅಡ್ಡೆ. ಎರಡರಲ್ಲೂ ಉದ್ದಕ್ಕೆ ಕೊರೆದ ಸಂದು. ಅದರೊಳಗೆ ಹಲಗೆಗಳನ್ನು ಒಂದೊಂದಾಗಿ ಸರಿಸಿ ನಿಲ್ಲಿಸಿದರೆ ಬಾಗಿಲು ಮುಚ್ಚಿದಂತೆ. ಹಲಗೆಗಳಿಗೆ ಅಂಕೆ ಹಾಕುತ್ತಿದ್ದರು. ಕೈಗರಗಸದಲ್ಲಿ ಕೊಯ್ದ ಮರ ಒಂದರಂತೆ ಇನ್ನೊಂದಿಲ್ಲ, ಕ್ರಮ ತಪ್ಪಿದರೆ ಕೊನೆಯದು ಕೂರುವುದಿಲ್ಲ. ಬೀಗ ಬೀಳುವುದು ಆ ಕೊನೆಯ ಹಲಗೆಗೆ. ಬೆಳಿಗ್ಗೆ ಅಷ್ಟನ್ನೂ ತೆಗೆದು ಬದಿಗೆ ಒರಗಿಸಿದರೆ ಚಾವಡಿ, ಜಗಲಿ, ಬೀದಿ ಎಲ್ಲ ಒಂದೇ. ಜಗಲಿಯೂ ಅಕ್ಕಿಮುಡಿಯನ್ನು ಇಳಿಸಿ ಮತ್ತೆ ಹೊರೆಯಾಳಿನ ಹೆಗಲಿಗೇರಿಸಲು ಹದವಾದ ಎತ್ತರದ್ದು. ವ್ಯಾಪಾರ ಗೊತ್ತಿದ್ದವರು ಕಟ್ಟಿಸಿದ ಮನೆ ಎನ್ನಲು ಇಷ್ಟು ಸಾಕು.

ವ್ಯಾಪಾರವೂ ಸಣ್ಣದಲ್ಲ. ವಾರಾಹಿ ದಂಡೆಯ ಈ ಊರನ್ನು 14ನೇ ಶತಮಾನದಲ್ಲಿ ಇಬ್ನ್ ಬತೂತ ‘ಅಬೂ ಸರೂರ್’ ಎಂದು ಬರೆದ. ಪೋರ್ಚುಗೀಸರಿಗೆ ಇದು ಬಾರ್ಸೆಲೋರ್. ಗೋವೆಯ ಅನ್ನಕ್ಕೆ ಇಲ್ಲಿಯ ಅಕ್ಕಿ ಬೇಕಿತ್ತು, ಅರಬ್ಬರ ಹಡಗುಗಳಿಗೂ ಬೇಕಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕೆಗಳು ಬಂದು ದೋಚಿದ್ದು ಈ ಸಂಪತ್ತನ್ನೇ. ಮೂಡುಕೇರಿ, ಪಡುವಕೇರಿ, ಮಂಡಿಕೇರಿ, ವಿಲಾಸಕೇರಿ ಎಂಬ ಹೆಸರುಗಳು ಆ ಕಾಲದ ಉಳಿಕೆ. ಮುಂದೆ ವಹಿವಾಟು ನದಿಯ ಬಾಯಿಗೆ, ಕುಂದಾಪುರ–ಗಂಗೊಳ್ಳಿಗೆ ಸರಿಯಿತು.

ಈಗ ನಿಂತಿರುವ ಮನೆಗಳಿಗೆ ಅಷ್ಟು ವಯಸ್ಸಿಲ್ಲ. ಮಾಡಿನ ಮೇಲಿರುವ ಮಂಗಳೂರು ಹಂಚನ್ನು ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ತಯಾರಿಸತೊಡಗಿದ್ದೇ 1865ರಲ್ಲಿ. ಅದಕ್ಕೂ ಹಿಂದೆ ಕುಂಬಾರರ ನಾಡಹಂಚು, ಇಲ್ಲವೇ ಹುಲ್ಲು. ಗೋಡೆ ಮುರಕಲ್ಲಿನದು, ಅಗೆಯುವಾಗ ಮೆದು, ಗಾಳಿ ಸೋಕಿದಂತೆ ಗಟ್ಟಿ. ಗಾರೆಗೆ ಚಿಪ್ಪು ಸುಟ್ಟ ಸುಣ್ಣ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಸೀಮೆಯಲ್ಲಿ ಮಾಡನ್ನು ಕಡಿದಾಗಿ ಇಳಿಸಿ, ಮಳೆಗಾಲಕ್ಕೆ ಜಗಲಿಯಂಚಿಗೆ ಮಡ್ಲಿನ ತಟ್ಟಿ ಕಟ್ಟುತ್ತಿದ್ದರು. ಒಳಗೆ ಮುಚ್ಚಿಗೆ ಹಾಸಿದ ಅಟ್ಟ, ಅಲ್ಲಿ ಗೇಣಿ ಅಕ್ಕಿಯ ಮುಡಿಗಳ ಸಾಲು.

ಆ ಅಟ್ಟ ಬರಿದಾದ ಕಾಲವನ್ನು ಗುರುತಿಸಬಹುದು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನಿಗೆ ಗದ್ದೆ ಸಿಕ್ಕಿತು, ಒಡೆಯರ ಮನೆಗೆ ಗೇಣಿ ಅಕ್ಕಿ ನಿಂತಿತು. ಅದು ಆಗಬೇಕಾದ ನ್ಯಾಯವೇ. ಆದರೆ ದೊಡ್ಡ ಮಾಡನ್ನು ಸಾಕುತ್ತಿದ್ದುದು ಅದೇ ಅಕ್ಕಿ. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು, ಮನೆ ಪಾಲಾಯಿತು. ಮುಂಗಾರಿಗೆ ಮೊದಲು ಹಂಚಿಗೆ ಕೈಯಾಡಿಸದೆ ಬಿಟ್ಟರೆ ಪಕಾಸು ಕುಂಬಾಗುತ್ತದೆ, ಒರಲೆ ಹತ್ತುತ್ತದೆ. ಮಾಡು ಬಿದ್ದ ಮೇಲೆ ಗೋಡೆಯೂ ಮಳೆಗೆ ಹೆಚ್ಚು ಕಾಲ ನಿಲ್ಲುವುದಿಲ್ಲ.

ವಿಜಯನಾಥ ಶೆಣೈಯವರು ಇಂಥ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ಕಟ್ಟಿದರು. ನಮ್ಮ ಹರ್ಕೂರಿನ ಒಳಗಿನ ಮನೆಯೂ ಅಲ್ಲಿದೆ. ಆ ಋಣ ದೊಡ್ಡದು. ಆದರೂ ಕೇರಿಯ ಮನೆಗೆ ನೆರೆಮನೆ ಬೇಕು, ಎದುರು ಜಗಲಿ ಬೇಕು, ನಡೆದಷ್ಟು ದೂರದಲ್ಲಿ ಹೊಳೆ ಬೇಕು. ಅದನ್ನು ಉಳಿಸುವುದಿದ್ದರೆ ಇದ್ದಲ್ಲೇ ಉಳಿಸಬೇಕು. ಹಂಚು ತಿದ್ದಲು ಒಂದಿಷ್ಟು ನೆರವು ಸಿಗಲಿ. ಅಲ್ಲಿಯವರೆಗೆ ಬಸ್ರೂರಿನ ಶಾರದಾ ಕಾಲೇಜಿನ ಮಕ್ಕಳು, ಮಣಿಪಾಲದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಟೇಪು ಹಿಡಿದು ಮನೆಮನೆಯನ್ನೂ ಅಳೆದು ಬರೆದಿಡಲಿ. ಯಾವ ಕೋಣೆಯಲ್ಲಿ ಏನಿತ್ತು, ಅಟ್ಟಕ್ಕೆ ಯಾವ ಗದ್ದೆಯ ಅಕ್ಕಿ ಏರುತ್ತಿತ್ತು ಎಂದು ಹೇಳಬಲ್ಲ ಹೆಂಗಸರು ಈಗ ಎಂಬತ್ತು ದಾಟಿದ್ದಾರೆ.